ಅಳತೆ ಬೇಡದ ಉಂಗುರ

"ಅಳತಿ ಬ್ಯಾಡ. ಬಾಯಿ ಬಿಟ್ಟಿರ್ತಾವಲ್ಲ, ಅಂಥವು ತೋರಸು," ಎಂದಳು ಶೇಖರಮ್ಮ.

ಬಂಗಾರದಂಗಡಿಯ ಜಾಹೀದ್ ಮಖಮಲ್ಲಿನ ಟ್ರೇ ಮುಂದಿಟ್ಟ. ಸುತ್ತು ಪೂರ್ತಿ ಕೂಡದೆ, ಎರಡು ತುದಿಗಳೂ ಒಂದರ ಪಕ್ಕ ಒಂದು ಹಾದುಹೋದ ಉಂಗುರಗಳು. ಗಂಡಿನ ಕಡೆಯವರು ನಿಶ್ಚಯದ ಉಂಗುರಕ್ಕೆ ಮೊದಲು ಹೆಣ್ಣಿನ ಬೆರಳಳತೆ ಕೇಳುವುದು ರೂಢಿ. ಅದಕ್ಕೆಂದೇ ವಿಜಯಶ್ರೀ ತನ್ನ ಹಳೆಯ ಬೆಳ್ಳಿ ಉಂಗುರ ತಂದಿದ್ದಳು. ಅತ್ತೆಯಾಗುವವಳು, ಗಂಡು ಗುರುಬಸವನ ತಾಯಿ ಶೇಖರಮ್ಮ, ಅದನ್ನು ಕೇಳಲೇ ಇಲ್ಲ. ವಿಜಯಶ್ರೀಯ ತಾಯಿ ಪಕ್ಕದ ಅಂಗಡಿಯಲ್ಲಿ ಸೀರೆ ನೋಡುತ್ತಿದ್ದಳು.

"ಇದು ಹಾಕ್ಕೊಂಡು ನೋಡವ್ವ."

ಜಾಹೀದ್ ತುದಿಗಳನ್ನು ಹಗುರವಾಗಿ ಒತ್ತಿ ಕೂಡಿಸಿದ. ಉಂಗುರ ಅವಳ ಬೆರಳಿಗೆ ಸರಿಯಾಗಿ ಕೂತಿತು. ಚೆಂದವಿತ್ತು. ಅಳತೆ ಕೇಳದೆಯೇ ಅದು ಹಾಗೆ ಕೂತದ್ದು ಅವಳಿಗೆ ಸರಿಬರಲಿಲ್ಲ.

"ನನ್ನ ಉಂಗುರ ಗುರುಬಸವ ಹೊಟ್ಟ್ಯಾಗಿದ್ದಾಗ ಕತ್ತರಿಸಿ ತೆಗದ್ರು. ಬೆರಳು ಹಂಗ ಬಾತಿದ್ವು," ಎಂದು ಶೇಖರಮ್ಮ ಎಡಗೈ ಚಾಚಿದಳು. "ಇವಕ್ಕ ಆ ತ್ರಾಸಿಲ್ಲ. ಯಾವ ಬೆರಳಿಗಾದ್ರೂ ಕೂಡ್ತಾವು."

"ಚೊಲೋ ಮಾಡಿದ್ರಿ ಅಮ್ಮಾರ," ಎಂದ ಜಾಹೀದ್. "ಹೋದ ವರ್ಷ ಅಳತಿ ತಗೊಂಡು ಮಾಡಿದ್ದು ಸುಮ್ನ ಕರಗಸಬೇಕಾತು."

ಶೇಖರಮ್ಮ ಅವನನ್ನೇ ನೋಡಿದಳು. ಅವನು ಬಟ್ಟೆ ತೆಗೆದುಕೊಂಡು ಒರೆಸಿದ ಗಾಜನ್ನೇ ಮತ್ತೆ ಒರೆಸತೊಡಗಿದ.

"ಯಾವುದು ಕರಗಿಸಿದ್ರಿ, ಅತ್ತ್ಯಾರ?"

"ಲಿಂಗಸುಗೂರಾಗ ಒಂದು ಹೆಣ್ಣು ಗೊತ್ತು ಮಾಡಿದ್ವಿ. ಜಾತಕ ಕೂಡಲಿಲ್ಲ, ಬಿಟ್ವಿ. ನಿಮ್ಮಪ್ಪಗ ಗೊತ್ತೈತಿ."

ಅಪ್ಪನಿಗೆ ಗೊತ್ತಿದ್ದರೆ ಮನೆಯಲ್ಲಿ ಒಂದು ಮಾತಾದರೂ ಬರುತ್ತಿತ್ತು. ಜಾತಕ ನೋಡುವುದು ಉಂಗುರಕ್ಕೆ ಮೊದಲು. ಉಂಗುರ ಮಾಡಿಸಿದ ಮೇಲೆ ಅಲ್ಲ. ಆ ಹುಡುಗಿ ಅದನ್ನು ಬೆರಳಿಂದ ತೆಗೆದುಕೊಟ್ಟಿದ್ದಳೋ, ಇವರೇ ಹೋಗಿ ಕೇಳಿ ತಂದಿದ್ದರೋ. ಯಾವ ಬೆರಳಿಗಾದರೂ ಕೂಡುವ ಉಂಗುರ ಈಗ ತನ್ನ ಬೆರಳಲ್ಲಿತ್ತು.

ವಿಜಯಶ್ರೀ ಬೇರೆಯವರೆದುರು ಬಾಯಿ ಬಿಡುವವಳಲ್ಲ. ಆದರೂ ಜಾಹೀದನ ಕಡೆ ತಿರುಗಿದಳು.

"ಜಾಹೀದಣ್ಣ, ಇದರೊಳಗ ಹೆಸರು ಕೊರಿಯಾಕ ಬರ್ತದೇನ್ರಿ?"

"ಬರ್ತದ್ರಿ. ಚಾ ಕುಡಿಯೂದ್ರಾಗ ಆಗ್ತದ. ಏನಂತ ಕೊರೀಲಿ?"

"ವಿಜಯಶ್ರೀ ಅಂತ."

ಶೇಖರಮ್ಮ ನಕ್ಕಳು. "ಏ ಹುಡಿಗಿ, ಉಂಗುರ ಕಳಕೊಂಡ್ರ ಪೊಲೀಸ್ರಿಗೆ ತೋರಸಾಕೇನು? ಈಗ್ಯಾಕ ಹೆಸರು. ಮದಿವಿ ಆಗಲಿ, ಆಮ್ಯಾಲೆ ಕೊರಸಿದ್ರಾತು."

ನಗು ತುಟಿಯ ಮೇಲಿತ್ತು, ಕಣ್ಣಲ್ಲಿ ಇರಲಿಲ್ಲ. ಹೆಸರು ಕೊರೆದ ಉಂಗುರವನ್ನು ಇನ್ನೊಬ್ಬಳಿಗೆ ತೊಡಿಸಲಾಗದು. ವಿಜಯಶ್ರೀ ತುದಿಗಳನ್ನು ಉಗುರಿನಿಂದ ಸರಿಸಿ ಉಂಗುರ ತೆಗೆದಳು. ಅದು ಎಲ್ಲೂ ತಡೆಯದೆ ಬಂತು.

"ಹಂಗಾರ ಉಂಗುರಾನೂ ಆಮ್ಯಾಲೆ ತಗೊಳ್ಳೂಣ್ರಿ, ಅತ್ತ್ಯಾರ," ಎಂದು ಟ್ರೇಯಲ್ಲಿಟ್ಟಳು.

ಹೊರಗೆ ಭತ್ತದ ಚೀಲ ಹೇರಿದ ಟ್ರ್ಯಾಕ್ಟರ್ ಹಾದುಹೋಯಿತು. ಗಾಜಿನ ಮೇಜು ನಡುಗಿತು. ಮಖಮಲ್ಲಿನ ಮೇಲೆ ಉಂಗುರ ಒಂದಿಷ್ಟು ಸರಿದು ಅಂಚಿಗೆ ಬಂದು ನಿಂತಿತು. ಅದನ್ನು ಹಿಂದಕ್ಕಿಡಲು ಯಾರೂ ಕೈ ಚಾಚಲಿಲ್ಲ.