ಪಿಸುಮಾತಿನ ಪಾಠ

ಆ ಮನೆಯ ಮಕ್ಕಳು ಶಾಲೆಗೆ ಹೋಗದಿರುವುದಕ್ಕೆ ಕಾರಣ ಅವರಪ್ಪನ ಪಾಳಿ. ಅವನು ಒಂದು ದೊಡ್ಡ ಬೇಕರಿಯಲ್ಲಿ ಹಿಟ್ಟು ಹದ ಮಾಡುವವನು. ಮಧ್ಯಾಹ್ನ ಮೂರಕ್ಕೆ ಹೊರಟರೆ, ಮರುದಿನ ಅಂಗಡಿಗಳಿಗೆ ಹೋಗಬೇಕಾದ ಬ್ರೆಡ್ಡೆಲ್ಲ ಒಲೆಯಿಂದ ಇಳಿದು, ಹಿಟ್ಟು ನಾದುವ ಯಂತ್ರವನ್ನು ತೊಳೆದಿಟ್ಟ ಮೇಲೆ, ಮನೆಮಂದಿಯೆಲ್ಲ ಮಲಗಿರುವಾಗ ಬಂದು ಸದ್ದಿಲ್ಲದೆ ಹಾಸಿಗೆ ಸೇರುತ್ತಿದ್ದ. ಬೆಳಿಗ್ಗೆ ಒಂಬತ್ತರವರೆಗೆ ಅವನಿಗೆ ನಿದ್ದೆ. ಶಾಲೆಗಳೋ ಎಂಟೂವರೆಗೆ ಶುರುವಾಗಿ ನಾಲ್ಕಕ್ಕೆ ಬಿಡುತ್ತಿದ್ದವು. ಅಪ್ಪ ಏಳುವಾಗ ಮಕ್ಕಳಿರುವುದಿಲ್ಲ, ಮಕ್ಕಳು ಬರುವಾಗ ಅಪ್ಪ ಇರುವುದಿಲ್ಲ. ಒಂದೇ ಸೂರಿನಡಿ ಇದ್ದುಕೊಂಡು ವಾರಕ್ಕೊಮ್ಮೆ ನೆಂಟರಂತೆ ಮುಖ ನೋಡಿಕೊಳ್ಳಬೇಕು.

ಆ ಬಾಳು ಎಂಥದ್ದೆಂದು ಅವನಿಗೆ ಗೊತ್ತಿತ್ತು. ಅವನ ಅಪ್ಪನೂ ರಾತ್ರಿ ಪಾಳಿಯ ಗಿರಣಿ ಕೆಲಸಗಾರ. ಚಿಕ್ಕಂದಿನಲ್ಲಿ ಅಪ್ಪ ಎಂದರೆ ಅವನಿಗೆ ಮುಚ್ಚಿದ ಬಾಗಿಲು, ಅದರ ಮುಂದೆ ತುಟಿಯ ಮೇಲೆ ಬೆರಳಿಟ್ಟು ನಿಂತ ಅಮ್ಮ. ತನ್ನ ಮಕ್ಕಳು ಹಾಗೆ ಬೆಳೆಯಬಾರದೆಂದು ಮದುವೆಯಾದ ಹೊಸದರಲ್ಲೇ ಹೆಂಡತಿಗೆ ಹೇಳಿದ್ದ. ಅವಳು ಮದುವೆಗೆ ಮುಂಚೆ ಸ್ವಲ್ಪ ಕಾಲ ಶಾಲೆಯಲ್ಲಿ ಕಲಿಸಿದವಳು. ದೊಡ್ಡ ಮಗಳಿಗೆ ಶಾಲೆಯ ವಯಸ್ಸಾದಾಗ ಅವಳೇ, ಹಾಗಾದರೆ ಪುಸ್ತಕಗಳನ್ನು ಮನೆಗೇ ತಂದರಾಯಿತು ಅಂದಳು. ಅಂದು ತಂದ ಪುಸ್ತಕಗಳು ಆಮೇಲೆ ಊಟದ ಮೇಜಿನಿಂದ ಕೆಳಗಿಳಿಯಲೇ ಇಲ್ಲ. ಊಟದ ಹೊತ್ತಿಗೆ ಅವನ್ನು ಒಂದು ಬದಿಗೆ ಒತ್ತರಿಸಿ ತಟ್ಟೆ ಇಡುತ್ತಿದ್ದರು, ಅಷ್ಟೇ.

ಮಕ್ಕಳು ಮೂವರು. ಹತ್ತು ವರ್ಷದ ಮಗಳನ್ನು ಎಲ್ಲರೂ ಪುಟ್ಟಿ ಅನ್ನುತ್ತಿದ್ದರು. ಅವಳಿಗಿಂತ ಪುಟ್ಟವರು ಇಬ್ಬರು ಬಂದರೂ ಆ ಹೆಸರು ಅವಳನ್ನು ಬಿಟ್ಟುಹೋಗಲಿಲ್ಲ. ಏಳು ವರ್ಷದ ಮಗ ಲಾಯರ್. ಹಲ್ಲುಜ್ಜು ಅಂದರೂ ಯಾಕೆ, ನಿನ್ನೆ ಉಜ್ಜಿದ್ದು ಏನಾಯಿತು ಎಂದು ವಾದಕ್ಕೆ ನಿಲ್ಲುತ್ತಿದ್ದನಾದ್ದರಿಂದ ಆ ಬಿರುದು. ನಾಲ್ಕು ವರ್ಷದ ಕೊನೆಯವಳು ಅಮ್ಮ ಹೋದಲ್ಲೆಲ್ಲ ಸೆರಗು ಹಿಡಿದೇ ಹೋಗುತ್ತಿದ್ದಳು. ಅವಳು ಬಾಲ.

ಬೆಳಗಿನ ಪಾಠ ಅಮ್ಮನದು. ಅಪ್ಪ ಮಲಗಿರುತ್ತಿದ್ದುದರಿಂದ ಎಲ್ಲವೂ ಪಿಸುಮಾತಿನಲ್ಲೇ. ಕಥೆ ಓದುವುದು, ಪದ್ಯ ಒಪ್ಪಿಸುವುದು, ಪೆನ್ಸಿಲ್ ನಂದು ನಿಂದಲ್ಲ ಎಂಬ ಜಗಳ, ಜಗಳ ಬಿಡಿಸಿ ಅಮ್ಮ ಬೈಯುವುದು ಕೂಡ. ಕುರ್ಚಿಗಳ ಕಾಲಿಗೆ ಹಳೆಯ ಕಾಲುಚೀಲ ತೊಡಿಸಿದ್ದರು. ಅಳುವಾಗ ಬಾಲ ದಿಂಬಿಗೆ ಮುಖ ಒತ್ತಿಕೊಳ್ಳುತ್ತಿದ್ದಳು. ಯಾರೂ ಅವಳಿಗೆ ಹೇಳಿಕೊಟ್ಟದ್ದಲ್ಲ. ಒಂಬತ್ತಕ್ಕೆ ಕೋಣೆಯ ಬಾಗಿಲು ತೆರೆದು ಅಪ್ಪ ಕೆದರಿದ ತಲೆಯಲ್ಲಿ ಈಚೆ ಬಂದರೆ, ಮೂವರೂ ಅವನ ಮೇಲೆ ಬೀಳುತ್ತಿದ್ದರು. ಅಲ್ಲಿಂದ ಮನೆ ಮನೆಯಾಗುತ್ತಿತ್ತು.

ಅಪ್ಪನದು ಲೆಕ್ಕದ ಪಾಠ. ಅಡುಗೆಮನೆಯ ಕಟ್ಟೆಯ ಮೇಲೆ ತಕ್ಕಡಿ ಇಟ್ಟು, ಇಷ್ಟು ಹಿಟ್ಟಿಗೆ ಇಷ್ಟು ನೀರು, ಅದರ ಮುಕ್ಕಾಲಿಗೆ ಎಷ್ಟು, ಅರ್ಧಕ್ಕೆ ಎಷ್ಟು ಎಂದು ಕೇಳುತ್ತ ಅವರ ಕೈಯಲ್ಲೇ ಹಿಟ್ಟು ಕಲೆಸಿಸುತ್ತಿದ್ದ. ಲಾಯರ್ ಭಿನ್ನರಾಶಿ ತಪ್ಪಿದ ದಿನ ಬ್ರೆಡ್ ಇಟ್ಟಿಗೆಯಾಗುತ್ತಿತ್ತು. ಅದನ್ನೂ ಹಾಲಲ್ಲಿ ಅದ್ದಿ ತಿನ್ನುತ್ತಿದ್ದರು. ಪುಟ್ಟಿಯದು ಎಂದೂ ತಪ್ಪುತ್ತಿರಲಿಲ್ಲ. ಹಿಟ್ಟನ್ನು ಬೆರಳಿಂದ ಒತ್ತಿ, ಅದು ಮೇಲೇಳುವ ಬಗೆ ನೋಡಿ, ಇನ್ನೂ ಸ್ವಲ್ಪ ಹೊತ್ತು ಬಿಡಬೇಕು ಅಪ್ಪ ಎಂದು ಅವಳು ಹೇಳುವಾಗ ಅವನು ಒಳಗೇ ಹಿಗ್ಗುತ್ತಿದ್ದ.

ಹೀಗಿರುವಾಗ ಕೆಳಗಿನ ಮನೆಗೆ ಹೊಸ ಒಕ್ಕಲು ಬಂತು. ಅವರಿಗೂ ಪುಟ್ಟಿಯ ವಯಸ್ಸಿನ ಒಬ್ಬಳು ಮಗಳು. ಎರಡು ಜಡೆಯ ಮಾತಿನಮಲ್ಲಿ. ನಾಲ್ಕರ ಮೇಲೆ ಶಾಲೆಯಿಂದ ಬಂದವಳೇ ಮೆಟ್ಟಿಲ ಮೇಲೆ ಚೀಲ ಒಗೆದು ಕೂತುಬಿಡುತ್ತಿದ್ದಳು. ಪುಟ್ಟಿ ಅಷ್ಟರಲ್ಲಾಗಲೇ ಅಲ್ಲಿರುತ್ತಿದ್ದಳು. ಅಮ್ಮ ಬಟ್ಟೆ ಮಡಿಸುತ್ತ ಕೇಳಿಸಿಕೊಳ್ಳುತ್ತಿದ್ದದ್ದು ಬರೀ ಶಾಲೆಯ ಸುದ್ದಿ: ಯಾರು ಯಾರ ಜೊತೆ ಟೂ ಬಿಟ್ಟರು, ಯಾವ ಹುಡುಗ ಪಾಠದ ನಡುವೆ ಆಕಳಿಸಿ ಸಿಕ್ಕಿಬಿದ್ದ, ಕಿಟಕಿ ಪಕ್ಕದ ಬೆಂಚು ಈ ವಾರ ಯಾರ ಪಾಲಿಗೆ. ಪುಟ್ಟಿ ಹೆಚ್ಚು ಮಾತಾಡುತ್ತಿರಲಿಲ್ಲ. ಆಮೇಲೇನಾಯಿತು ಎಂದಷ್ಟೇ ಕೇಳುತ್ತಿದ್ದಳು. ಆ ಹುಡುಗಿಯನ್ನು ಒಳಗೆ ಕರೆದ ಮೇಲೂ ಸುಮ್ಮನೆ ಮೆಟ್ಟಿಲ ಮೇಲೆ ಕೂತಿರುತ್ತಿದ್ದಳು.

ಒಂದು ಬೆಳಿಗ್ಗೆ ಎಲ್ಲರೂ ತಿಂಡಿಗೆ ಕೂತಿದ್ದಾಗ ಪುಟ್ಟಿಯ ಬಾಯಿಂದ ಒಂದು ಮಾತು ಜಾರಿತು. "ನಮ್ಮ ಕ್ಲಾಸಲ್ಲಿ ಒಬ್ಬ ಹುಡುಗ ಇದಾನೆ, ಅವನು ಎಡಗೈಲೂ ಬರೀತಾನೆ, ಬಲಗೈಲೂ ಬರೀತಾನೆ."

ಲಾಯರ್ ಬಿಟ್ಟಾನೆಯೇ? "ನಿಂಗೆ ಕ್ಲಾಸ್ ಎಲ್ಲಿದೆ? ನಿನ್ನ ಕ್ಲಾಸಲ್ಲಿರೋದು ನಾನು, ಬಾಲ ಇಬ್ರೇ. ನಾನು ಬರಿಯೋದು ಬಲಗೈಲಿ. ಬಾಲಂಗೆ ಬರಿಯೋಕೇ ಬರಲ್ಲ."

ಅಮ್ಮನಿಗೆ ನಗು ಬಂತು. ಅಪ್ಪನೂ ನಗಲು ಹೋದವನು ಮಗಳ ಮುಖ ನೋಡಿ ನಿಲ್ಲಿಸಿದ. ಅದು ಕಿವಿಯವರೆಗೂ ಕೆಂಪಾಗಿತ್ತು. ತಟ್ಟೆಯಲ್ಲಿದ್ದುದನ್ನು ಬೇಗಬೇಗ ತಿಂದು ಕೈ ತೊಳೆಯಲು ಎದ್ದುಹೋದಳು. ನಲ್ಲಿಯ ನೀರು ಬಹಳ ಹೊತ್ತು ಹರಿಯಿತು.

ಆ ವಾರವೆಲ್ಲ ಗಂಡ ಹೆಂಡತಿಯ ನಡುವೆ ಅದೇ ಮಾತು. ಹುಡುಗಿಗೆ ಆಸೆಯಾಗಿದೆ, ಕಳಿಸೋಣ ಎಂದು ಅವಳು. ಮುಂದಿನ ವರ್ಷ ನೋಡೋಣ ಎಂದು ಅವನು. ಮುಂದಿನ ವರ್ಷ ನಿಮ್ಮ ಪಾಳಿ ಬದಲಾಗುತ್ತಾ ಎಂದು ಅವಳು. ಹಗಲು ಪಾಳಿಗೆ ಹೆಸರು ಕೊಟ್ಟು ಕಾದವರ ಸಾಲೇ ಇತ್ತು. ಯಾರಾದರೂ ನಿವೃತ್ತರಾಗದೆ ಜಾಗ ತೆರವಾಗುವಂತಿರಲಿಲ್ಲ.

ಕೊನೆಗೆ ಮಗಳೇ ಕೇಳಿದಳು. ಅಮ್ಮ ಉಳಿದಿಬ್ಬರನ್ನು ಸ್ನಾನಕ್ಕೆ ಎಳೆದುಕೊಂಡು ಹೋಗಿದ್ದಳು. ಅಡುಗೆಮನೆಯಲ್ಲಿ ಅಪ್ಪ ಮಗಳು ಇಬ್ಬರೇ. ಪುಟ್ಟಿ ತಕ್ಕಡಿಯ ಮೇಲೆ ಹಿಟ್ಟು ಸುರಿಯುತ್ತ, ತಲೆಯೆತ್ತದೆ ಕೇಳಿದಳು.

"ಅಪ್ಪ, ನಾನು ಶಾಲೆಗೆ ಹೋದ್ರೆ ನಿಂಗೆ ಬೇಜಾರಾಗುತ್ತಾ?"

ಇಲ್ಲ ಅನ್ನಬಹುದಿತ್ತು. ಆದರೆ ಮಕ್ಕಳಿಗೆ ಸುಳ್ಳು ಹೇಳಿ ಅವನಿಗೆ ಅಭ್ಯಾಸವಿರಲಿಲ್ಲ. "ಆಗುತ್ತೆ ಮಗಳೇ," ಅಂದ.

"ಹಾಗಾದ್ರೆ ಬೇಡ ಬಿಡು," ಅಂದಳು ಪುಟ್ಟಿ. ಹಿಟ್ಟಿನ ತೂಕ ಸರಿಯಾಗಿತ್ತು. ನೀರು ಎಷ್ಟು ಹಾಕಲಿ ಎಂದು ಕೇಳಿದಳು.

ಅಲ್ಲಿಗೆ ಆ ಮಾತು ಮುಗಿಯಿತು. ಅವಳು ಅಳಲಿಲ್ಲ, ಮುನಿಸಿಕೊಳ್ಳಲಿಲ್ಲ, ಮತ್ತೊಮ್ಮೆ ಶಾಲೆಯ ಹೆಸರೆತ್ತಲಿಲ್ಲ. ನಾಲ್ಕರ ಹೊತ್ತಿಗೆ ಮೆಟ್ಟಿಲಿಗೆ ಹೋಗುವುದನ್ನೂ ಬಿಟ್ಟಳು. ಎರಡು ಜಡೆಯ ಹುಡುಗಿ ಬಾಗಿಲಿಗೆ ಬಂದು ಕರೆದರೆ, ಬಾಲಳನ್ನು ನೋಡಿಕೊಳ್ಳಬೇಕು ಎಂದು ಹೇಳಿ ಕಳಿಸುತ್ತಿದ್ದಳು. ಹೇಳದೆಯೇ ತಮ್ಮನಿಗೆ ಕಾಗುಣಿತ ತಿದ್ದಿಸುತ್ತಿದ್ದಳು, ಹೇಳದೆಯೇ ಪಾತ್ರೆ ಒರೆಸಿಡುತ್ತಿದ್ದಳು. ಹೆಂಡತಿ ಅವನೊಡನೆ ವಾದಿಸುವುದನ್ನು ನಿಲ್ಲಿಸಿದ್ದಳು. ನೋಡಿ, ಎಷ್ಟು ಒಳ್ಳೆಯವಳಾಗಿಬಿಟ್ಟಿದಾಳೆ ನಿಮ್ಮ ಮಗಳು ಎಂದು ಒಂದು ಸಲ ಅಂದಳು, ಅಷ್ಟೇ. ಅವನಿಗೆ ಚುರುಕ್ಕೆಂದಿತು. ಬೇಕರಿಯಲ್ಲಿ ಹಿಟ್ಟಿನ ತೊಟ್ಟಿಯ ಮುಂದೆ ನಿಂತಾಗಲೂ ಆ ಮಾತೇ ಕಿವಿಯಲ್ಲಿ ಕೊರೆಯುತ್ತಿತ್ತು. ಮಗಳು ರಚ್ಚೆ ಹಿಡಿದಿದ್ದರೆ ಗದರಬಹುದಿತ್ತು. ರಮಿಸಬಹುದಿತ್ತು. ಈಗ ಏನು ಮಾಡುವುದು?

ವಾರದ ನಡುವೆ ತನಗೆ ರಜೆ ಬಿದ್ದ ದಿನ ಅವನೇ ಬೇಗ ಎದ್ದು, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಬಾ ಮಗಳೇ ಎಂದು ಪುಟ್ಟಿಯನ್ನು ಕರೆದುಕೊಂಡು ಹೊರಟ. ಎಲ್ಲಿಗೆ ಎಂದು ಅವಳು ಕೇಳಲಿಲ್ಲ. ಶಾಲೆಯ ಗೇಟು ಕಾಣಿಸಿದ ಕೂಡಲೇ ಅವನ ಕೈಯೊಳಗಿದ್ದ ಅವಳ ಕೈ ಬಿಗಿಯಾಯಿತು.

ಮುಖ್ಯೋಪಾಧ್ಯಾಯಿನಿ ಕನ್ನಡಕದ ಮೇಲಿಂದ ನೋಡಿ, ಹಿಂದಿನ ಶಾಲೆಯ ಅಂಕಪಟ್ಟಿ ಕೇಳಿದರು. ಹಿಂದಿನ ಶಾಲೆಯೇ ಇಲ್ಲ, ಮನೆಯಲ್ಲೇ ಕಲಿತದ್ದು ಎಂದು ಅವನು ವಿವರಿಸಿದ. ಹಾಗಾದರೆ ಒಂದು ಸಣ್ಣ ಪರೀಕ್ಷೆ ಮಾಡಿ ನೋಡೋಣ ಎಂದು ಅವರು ಒಬ್ಬ ಟೀಚರಿಗೆ ಹೇಳಿ ಪುಟ್ಟಿಯನ್ನು ಪಕ್ಕದ ಕೋಣೆಗೆ ಕಳಿಸಿದರು. ಇವನು ಹೊರಗಿನ ಹಜಾರದಲ್ಲಿ, ಮೊಣಕಾಲು ಎದೆಗೆ ಬರುವಷ್ಟು ಗಿಡ್ಡನೆಯ ಬೆಂಚಿನ ಮೇಲೆ ಕೂತ. ಗೋಡೆಯಾಚೆಯ ತರಗತಿಯಲ್ಲಿ ಮಕ್ಕಳು ಒಟ್ಟಾಗಿ ಮಗ್ಗಿ ಹೇಳುತ್ತಿದ್ದರು. ಗೋಡೆ ನಡುಗುವಷ್ಟು ಜೋರು.

ಸ್ವಲ್ಪ ಹೊತ್ತಿನ ಮೇಲೆ ಟೀಚರ್ ಈಚೆ ಬಂದರು. ಬರವಣಿಗೆ ದುಂಡಗಿದೆ, ಲೆಕ್ಕದಲ್ಲಂತೂ ನಮ್ಮ ಮಕ್ಕಳಿಗಿಂತ ಮುಂದಿದ್ದಾಳೆ ಎಂದು ಹೊಗಳಿದರು. ಆಮೇಲೆ ಅವನ ಹತ್ತಿರ ಬಂದು ದನಿ ತಗ್ಗಿಸಿ ಕೇಳಿದರು.

"ತಪ್ಪು ತಿಳ್ಕೋಬೇಡಿ. ಮಗೂಗೆ ಗಂಟಲಲ್ಲಿ ಏನಾದ್ರೂ ತೊಂದ್ರೆ ಇದೆಯಾ? ಜೋರಾಗಿ ಓದಮ್ಮ ಅಂತ ಎಷ್ಟು ಸಲ ಹೇಳಿದ್ರೂ ಪಿಸುಗುಡ್ತಾಳೆ."

"ಗಂಟಲು ಚೆನ್ನಾಗಿದೆ ಟೀಚರ್," ಅಂದ. "ಮನೇಲಿ ಅವಳು ಓದೋ ಹೊತ್ತಲ್ಲಿ ನಾನು ಮಲಗಿರ್ತೀನಿ."

ಟೀಚರ್ ಏನು ಅರ್ಥ ಮಾಡಿಕೊಂಡರೋ, ತಲೆಯಾಡಿಸಿ ಒಳಗೆ ಹೋದರು. ಅವನು ಮತ್ತೆ ಆ ಗಿಡ್ಡ ಬೆಂಚಿನ ಮೇಲೆ ಕೂತ. ಮಕ್ಕಳಿಗೆ ತನ್ನನ್ನು ಕೊಟ್ಟೆ ಎಂದು ಇಷ್ಟು ವರ್ಷ ನಂಬಿಕೊಂಡಿದ್ದವನು, ಬಾಗಿಲ ಈಚೆ ನಿಂತು ಉಸಿರು ಬಿಗಿಹಿಡಿಯುತ್ತಿದ್ದ ತನ್ನ ಬಾಲ್ಯವನ್ನೂ ಕೈಯಾರೆ ಕೊಟ್ಟಿದ್ದ. ಅದು ಅವನಿಗೆ ಹೊಳೆದಿರಲೇ ಇಲ್ಲ. ಹೊಳೆಯಲು ಅವನು ಆ ಹೊತ್ತಿನಲ್ಲಿ ಎಂದೂ ಎಚ್ಚರವಾಗಿದ್ದವನಲ್ಲ.

ಪುಟ್ಟಿಯ ಹೆಸರು ಸೇರಿತು. ಮುಂದಿನ ವಾರದಿಂದ ಕೆಳಗಿನ ಮನೆಯ ಹುಡುಗಿಯ ಜೊತೆ ಹೊರಟಳು. ಅವಳ ಕುಣಿದಾಟ ನೋಡಿ ಲಾಯರ್ ತನಗೂ ಒಂದು ಚೀಲ ಬೇಕು ಎಂದು ವಾದ ಹೂಡಿದ. ಚೀಲ ಸಿಕ್ಕಿತು. ಅದನ್ನು ಬೆನ್ನಿಗೆ ಹಾಕಿಕೊಂಡೇ ಊಟದ ಮೇಜಿಗೆ ಪಾಠಕ್ಕೆ ಬರತೊಡಗಿದ.

ಮೊದಲ ಕೆಲವು ದಿನ ಅಪ್ಪ ಅಲಾರಾಂ ಇಟ್ಟುಕೊಂಡು ಎದ್ದು, ಪುಟ್ಟಿ ಮತ್ತು ಕೆಳಗಿನ ಮನೆಯ ಹುಡುಗಿಯ ಹಿಂದೆ ತೂಕಡಿಸುತ್ತ ಶಾಲೆಯ ಗೇಟಿನವರೆಗೆ ನಡೆದು ಬಂದ. ಬಂದು ಮತ್ತೆ ಮಲಗಿದರೆ ನಿದ್ದೆ ಹತ್ತುತ್ತಿರಲಿಲ್ಲ. ಲಾಯರನಿಗೆ ಗುಣಾಕಾರ ಹೇಳಿಕೊಡುವಾಗ ಅವನ ಕಣ್ಣೇ ಮುಚ್ಚಿಹೋಗುತ್ತಿತ್ತು. ಒಂದು ಸಂಜೆ ಬೇಕರಿಯಲ್ಲಿ ಮಂಪರಿನಲ್ಲಿ ಒಂದು ತೊಟ್ಟಿ ಹಿಟ್ಟಿಗೆ ಉಪ್ಪು ಹಾಕುವುದನ್ನೇ ಮರೆತ. ಅಷ್ಟನ್ನೂ ಸುರಿಯಬೇಕಾಯಿತು. ಮೇಸ್ತ್ರಿ ಒಳ್ಳೆಯವನು, ಬೈಯದೆ, ಏನಯ್ಯ, ಮನೆಯಲ್ಲಿ ಎಲ್ಲ ಸರಿ ಇದೆಯಾ ಎಂದು ಕೇಳಿದ. ಇವನು ಹಗಲು ಪಾಳಿಯ ಸಾಲಿಗೆ ತನ್ನ ಹೆಸರು ಸೇರಿಸಿಬಂದ. ಇವನಿಗಿಂತ ಮುಂದೆ ಇದ್ದವರು ಹಲವರು.

ಅಮ್ಮನಿಂದ ವಿಷಯ ತಿಳಿದ ಮರುದಿನ ಬೆಳಿಗ್ಗೆ ಪುಟ್ಟಿಯೇ ಹಾಸಿಗೆಯ ಬಳಿ ಬಂದು ಅಲಾರಾಂ ಆರಿಸಿದಳು. "ಇನ್ಮೇಲೆ ನೀನು ಏಳಬೇಡ ಅಪ್ಪ. ನಾವಿಬ್ರೂ ಹೋಗ್ತೀವಿ. ದಾರಿ ಗೊತ್ತು."

ಅವನು ಒಪ್ಪಿಕೊಂಡ. ಒಂದು ಮಾತನ್ನು ಮಾತ್ರ ಹೆಂಡತಿಗೆ ಹೇಳಿದ: ಬೆಳಿಗ್ಗೆ ಕೋಣೆಯ ಬಾಗಿಲು ಮುಚ್ಚಬೇಡ, ಮಕ್ಕಳನ್ನು ಸುಮ್ಮನಿರಿಸಬೇಡ. ನಿಮಗೆ ನಿದ್ದೆ ಬರುತ್ತೇನ್ರೀ ಎಂದು ಅವಳು ಅನುಮಾನಪಟ್ಟಳು. ಬಂದಷ್ಟು ಬರಲಿ ಅಂದ. ಮೊದಮೊದಲು ಮಕ್ಕಳಿಗೆ ದನಿಯೆತ್ತಲು ಧೈರ್ಯವೇ ಬರಲಿಲ್ಲ. ಆಮೇಲೆ ಬಂತು. ಎಷ್ಟು ಬಂತೆಂದರೆ, ಕಾಲುಚೀಲ ಒಂದೇ ಸಿಕ್ಕಿದೆ ಇನ್ನೊಂದೆಲ್ಲಿ ಎಂಬ ಪುಟ್ಟಿಯ ಕೂಗು, ಬಾಲಳ ರಾಗ, ಲಾಯರನ ವಾದ ಎಲ್ಲ ಸೇರಿ ಮನೆ ಸಂತೆಯಾಗುತ್ತಿತ್ತು. ಅರೆನಿದ್ದೆಯಲ್ಲಿ ಅವನು ಅದನ್ನೆಲ್ಲ ಕೇಳುತ್ತ ಮಲಗಿರುತ್ತಿದ್ದ. ಪುಟ್ಟಿ ಹೊರಟು ಬಾಗಿಲು ಹಾಕಿಕೊಂಡ ಮೇಲೆ ಬೇಗ ನಿದ್ದೆ ಬರುತ್ತಿತ್ತು. ಎದ್ದಾಗ ಇಬ್ಬರೇ ಮಕ್ಕಳು ಮೈಮೇಲೆ ಬೀಳುತ್ತಿದ್ದರು. ಮೂರನೆಯ ಭಾರಕ್ಕಾಗಿ ಅವನ ಮೈ ಒಂದು ಕ್ಷಣ ಕಾಯುತ್ತಿತ್ತು.

ಅವನ ರಜೆ ಮತ್ತೊಮ್ಮೆ ವಾರದ ನಡುವೆ ಬಿತ್ತು. ನಾಲ್ಕಕ್ಕೆ ಮುಂಚೆಯೇ ಅವನು ಶಾಲೆಯ ಎದುರಿನ ಮರದ ಕೆಳಗೆ ಹೋಗಿ ನಿಂತ. ಗಂಟೆ ಹೊಡೆಯಿತು, ಗೇಟು ತೆರೆಯಿತು. ಅಷ್ಟು ಮಕ್ಕಳಲ್ಲಿ ಒಬ್ಬಳನ್ನು ಹುಡುಕಲು ಕಣ್ಣಿಗೆ ಅಭ್ಯಾಸವಿಲ್ಲದೆ ತಡವರಿಸಿದ. ಕೊನೆಗೆ ಕಂಡಳು. ನಾಲ್ಕೈದು ಹುಡುಗಿಯರ ನಡುವೆ, ಎರಡು ಕೈಯನ್ನೂ ಗಾಳಿಯಲ್ಲಿ ಆಡಿಸುತ್ತ ಏನೋ ಹೇಳುತ್ತಿದ್ದಳು. ಉಳಿದವರು ಬಿದ್ದು ಬಿದ್ದು ನಗುತ್ತಿದ್ದರು. ಮಗಳು ಇಷ್ಟೊಂದು ತಮಾಷೆಯವಳೆಂದು ಅವನಿಗೆ ತಿಳಿದಿರಲಿಲ್ಲ. ಕರೆಯಲು ಬಾಯಿ ತೆರೆದವನು ಕರೆಯಲಿಲ್ಲ. ಅವರು ಮುಂದೆ ಹೋಗಲು ಬಿಟ್ಟು, ಸ್ವಲ್ಪ ದೂರದಲ್ಲಿ ಹಿಂದೆ ಹಿಂದೆ ನಡೆದ. ಅವಳು ಹೇಳುತ್ತಿದ್ದ ಕಥೆಯ ಒಂದೊಂದು ಪದ ಮಾತ್ರ ಅವನವರೆಗೆ ಬರುತ್ತಿತ್ತು.

ತಿರುವಿನಲ್ಲಿ ಯಾಕೋ ಹೊರಳಿ ನೋಡಿದಳು. "ಅಪ್ಪ," ಅಂದಳು. ಓಡಿ ಬಂದು ಅವನ ಹೊಟ್ಟೆಗೆ ತಲೆ ಒತ್ತಿದಳು. "ಇವತ್ತು ರಜಾನಾ?"

"ಹೂಂ."

ಇವರು ನಮ್ಮಪ್ಪ, ನೀವು ತಿನ್ನೋ ಬ್ರೆಡ್ ಮಾಡೋದು ಇವರೇ ಎಂದು ಗೆಳತಿಯರಿಗೆ ಹೇಳಿದಳು. ಅವರು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಆಮೇಲೆ ಒಬ್ಬಳು, ಆಮೇಲೇನಾಯ್ತೇ ಹೇಳೇ ಎಂದು ಪುಟ್ಟಿಯ ತೋಳು ಜಗ್ಗಿದಳು. ಪುಟ್ಟಿ ಅಪ್ಪನ ಮುಖ ನೋಡಿದಳು, ಗೆಳತಿಯರನ್ನು ನೋಡಿದಳು.

"ಹೋಗು, ಹೇಳಿ ಮುಗಿಸು," ಅಂದ ಅವನು. "ನಾನು ಹಿಂದೆ ಬರ್ತೀನಿ. ಚೀಲ ಕೊಡು."

ಅವಳು ಚೀಲ ಕಳಚಿ ಕೊಟ್ಟು ಓಡಿದಳು. ಚೀಲ ಅವನು ಅಂದುಕೊಂಡದ್ದಕ್ಕಿಂತ ಭಾರವಿತ್ತು. ಅದನ್ನು ಒಂದು ಹೆಗಲಿಗೆ ಹಾಕಿಕೊಂಡು, ಹುಡುಗಿಯರು ನಿಂತಲ್ಲಿ ತಾನೂ ನಿಂತು, ಅವರು ನಡೆದರೆ ತಾನೂ ನಡೆದು, ಮನೆಯ ಕಡೆ ಬಂದ.