ಬಾಯಿಬಿಟ್ಟು ಹೇಳಬೇಕಾದ ಹೆಸರು

ಮೂಗು ಸೀಟಿದ ಷೆರಿಫ್, ಮತ್ತೆ ಅದೇ ಕರವಸ್ತ್ರಕ್ಕೆ, ಅದನ್ನು ಮಡಚಿ ತೋಳಿನೊಳಗೆ ತುರುಕಿಕೊಂಡು ಅದೇ ಮೂಗಿನಿಂದಲೇ ರಾಗ ಎಳೆಯುತ್ತಾನೆ, ಹೆಝಕೈಯಾ ಪೆಟಸ್, ಯಾರ್ಗಪ್ಪಾ ನಿನ್ ಮತಾ — ಬೆಳಗಿನಿಂದ ಇದೇ ಗೊರಗೊರ ಸಂಗೀತ, ವರ್ಜೀನಿಯಾದ ಭವಿಷ್ಯವೆಲ್ಲ ಈ ನೆಗಡಿಯೊಳಗಿಂದಲೇ ಹಾದುಬರಬೇಕು — ಪೆಟಸ್ ಟೋಪಿ ತಿರುವುತ್ತಾನೆ, ನನ್ನ ಕಡೆ ನೋಡುತ್ತಾನೆ, ಷೆರಿಫನ ಆಚೆ ಕೂತ ನನ್ನ ಎದುರಾಳಿ ಕ್ರೂಟನ ಕಡೆ ನೋಡುತ್ತಾನೆ, ಹೇಳಯ್ಯಾ, ನಿನ್ನ ಗಿರಣಿಗೆ ಹೊಳೆ ನೀರು ತಿರುಗಿಸುವ ಕಾನೂನು ತಂದವನು ನಾನಲ್ಲವೇ, ಕರ್ನಲ್ ಟಾರ್ಪ್ಲಿಗೆ, ಅಂದ, ಅಬ್ಬ, ಎದ್ದೆ, ಬಾಗಿದೆ, ಮಿಸ್ಟರ್ ಪೆಟಸ್, ಈ ಉಪಕಾರ ಸಾಯೋತನಕ ಮರೆಯಲ್ಲ, ಕೂತೆ, ಮಂಡಿ ಕಿರ್ರೆಂದಿತು. ನಮ್ಮಪ್ಪನ ಕಾಲದಿಂದಲೂ ಇದೇ ಪದ್ಧತಿ, ಊರೆಲ್ಲ ಕೇಳುವಂತೆ ಹೆಸರು ಹೇಳುವುದು, ಹೇಳಿಸಿಕೊಂಡವನು ಎದ್ದು ವಂದಿಸುವುದು, ಹೇಳಿಸಿಕೊಳ್ಳದವನು ಪಕ್ಕದಲ್ಲೇ ಕೂತು ಹಲ್ಲು ಕಿರಿಯುವುದು — ಆ ಕಿರಿಯುವ ಕೆಲಸವೇ ನನಗೆ ಇವತ್ತು ಜಾಸ್ತಿ ಬಂದಿದೆ, ದವಡೆ ನೋಯುತ್ತಿದೆ. ನಾನು ಕಡಿಸಿ ಉಣಿಸಿದ ಎತ್ತಿನ ಕೊಬ್ಬು ಇನ್ನೂ ಗಡ್ಡದಲ್ಲಿ ಹೊಳೆಯುತ್ತಿರುವಾಗಲೇ, ನನ್ನ ರಮ್ಮಿನ ತೇಗು ನನ್ನ ಮುಖಕ್ಕೇ ಬಿಟ್ಟು, ಕ್ರೂಟ್ ಅವರಿಗೆ ಸ್ವಾಮಿ, ಅನ್ನುತ್ತಾರಲ್ಲ ಬಡ್ಡೀಮಕ್ಕಳು, ತೇಗಿಗಾದರೂ ನಿಯತ್ತು ಬೇಡವೇ! ಇಂಗ್ಲಿಷ್ ಕುದುರೆಪಡೆ ನಮ್ಮ ಶಾಸನಸಭೆಯನ್ನೇ ಅಟ್ಟಿಸಿಕೊಂಡು ಬಂದಾಗ ಒಂದು ಕಾಲಿಗೆ ಬೂಟಿಲ್ಲದೆ ಬೆಟ್ಟ ಹತ್ತಿದವನು ನಾನು, ಆಗ ಈ ಡ್ಯಾಬ್ನಿ ಕ್ರೂಟ ತೊಟ್ಟಿಲು ಒದ್ದೆ ಮಾಡಿಕೊಂಡು ಮಲಗಿದ್ದ, ಈಗ ಬಂದಿದ್ದಾನೆ ವಕೀಲ, ಲೇಸಿನ ಕಾಲರು, ತುಟಿ ಚೂಪು ಮಾಡಿಕೊಂಡು, ಮಹನೀಯರೇ, ಹೊಸ ಕಾಲಕ್ಕೆ ಹೊಸ ಗಾಳಿ — ಗಾಳಿಯಂತೆ ಗಾಳಿ, ಬೀಸಣಿಗೆ ಕೊಟ್ಟು ಮೂಲೆಯಲ್ಲಿ ನಿಲ್ಲಿಸಬೇಕು ಇವನನ್ನು. ಕಿಟಕಿಯಾಚೆ ರಮ್ಮಿನ ಪೀಪಾಯಿಯ ಪಕ್ಕ ನನ್ನ ಗುಲಾಮ ಸೈರಸ್ ಸೌಟು ಹಿಡಿದು ನಿಂತಿದ್ದಾನೆ, ಎಲ್ಲರೂ ಕೈಬಿಟ್ಟರೂ ಸೈರಸ್ ಬಿಡುವುದಿಲ್ಲ, ಬಿಟ್ಟು ಎಲ್ಲಿಗೆ ಹೋದಾನು, ಹೋದರೆ ಹಿಡಿದು ತರುವ ಕಾನೂನಿಗೆ ನಾನೇ ಕೈ ಎತ್ತಿದ್ದೇನಲ್ಲ — ಯಾಕೆ ಹಾಗೆ ನೋಡುತ್ತಾನೆ ಅವನು, ನಗುವೂ ಅಲ್ಲ, ಮತ್ತೇನೂ ಅಲ್ಲ, ಬೇರೆ ಕಡೆ ನೋಡೋ, ಸೌಟು ನೋಡಿಕೋ.

ಬಾಗಿಲಲ್ಲಿ ಕಪ್ಪು ಕೋಟುಗಳು. ಬಂದರು, ಬ್ಯಾಪ್ಟಿಸ್ಟ್ ಪಂಥದವರು ಬಂದರು, ಒಟ್ಟಿಗೆ ಬಂದರು, ಮುಂದೆ ಬೋಧಕ ಆಬ್ಸಲಮ್ ವಯಟ್, ಇನ್ನು ಭಯವಿಲ್ಲ, ಈ ಜನ ನನ್ನವರು — ಇಂಗ್ಲೆಂಡಿನ ದೊರೆಯ ಕಾಲದಲ್ಲಿ ಪರವಾನಗಿಯಿಲ್ಲದೆ ಬೋಧನೆ ಮಾಡಿದ ಅಂತ ಇದೇ ಕೋರ್ಟಿನ ಹಿಂದಿನ ಸೆರೆಮನೆಗೆ ಹಾಕಿದ್ದರು ವಯಟನನ್ನು, ಕಂಬಿಯೊಳಗಿಂದಲೇ ಬೋಧಿಸುತ್ತಿದ್ದ, ಹೊರಗೆ ಪುಂಡರು ತಮಟೆ ಬಡಿಯುತ್ತಿದ್ದರು, ಜಾಮೀನಿಗೆ ಸಹಿ ಹಾಕಿದವನು ನಾನು, ಆಮೇಲೆ ರಿಚ್ಮಂಡಿನ ಶಾಸನಸಭೆಯಲ್ಲಿ ನಿಂತು, ಇವರು ಒಲ್ಲದ ಚರ್ಚಿಗೆ ಇವರೇಕೆ ತೆರಿಗೆ ಕಟ್ಟಬೇಕು ಅಂತ ಗಂಟಲು ಕಟ್ಟುವಷ್ಟು ಮಾತಾಡಿ, ಅರ್ಧ ಜಿಲ್ಲೆಯ ದೊಡ್ಡವರ ಮದುವೆಯೂಟದ ಕರೆ ಕಳೆದುಕೊಂಡವನೂ ನಾನೇ. ಆಬ್ಸಲಮ್ ವಯಟ್, ಯಾರ್ಗಪ್ಪಾ ನಿಮ್ ಮತಾ. ಆಗಲೇ ಎದ್ದಿದ್ದೇನೆ, ಕೈ ಎದೆಯ ಮೇಲಿದೆ. ಕ್ರೂಟ್ ಅವರಿಗೆ. ಏನು? ಏನಂದೆ ವಯಟ್? ಕೋಪ ಮಾಡ್ಕೋಬೇಡಿ ಕರ್ನಲ್ರೇ, ನಿಮ್ಮ ಉಪಕಾರ ನಮ್ಮ ಮಕ್ಕಳಿಗೂ ಗೊತ್ತು, ಆದ್ರೆ ನಿಮ್ ಪೀಪಾಯಿ ಹತ್ರ ನನ್ನ ಸಭೆಯ ಹಿರೀಕ ಕೆಸರಲ್ಲಿ ಬಿದ್ದವ್ನೆ ನೋಡಿ, ದೇವರ ಮುಂದೆ ನಾನೇನ್ ಹೇಳ್ಲಿ. ಅಯ್ಯಾ, ಕ್ರೂಟನೂ ಕುಡಿಸಿದ್ದಾನಲ್ಲಯ್ಯ! ಅದು ಅವರ ಭಾವನ ಅಂಗಳದಲ್ಲಿ ಕರ್ನಲ್ರೇ, ಇವರು ಕೈಯಿಂದ ಮುಟ್ಟಿಲ್ಲ. ಜನ ಹೋ ಅಂತ ನಗುತ್ತದೆ, ಮುಟ್ಟಿಲ್ಲವಂತೆ, ಭಾವನ ಮೈಮೇಲೆ ದೇವರು ಬಂದು ಪೀಪಾಯಿ ತಾನೇ ಉರುಳಿತೇನೋ! ಇವರ ಮತಕ್ಕಾಗಿ ಒದ್ದಾಡಿದವನಿಗೆ ಇವರ ಮತವಿಲ್ಲ. ಸಾಲಾಗಿ ಬಂದರು, ಒಬ್ಬರ ಹಿಂದೊಬ್ಬರು, ಕ್ರೂಟ್, ಕ್ರೂಟ್, ಕ್ರೂಟ್, ಕೆರೆದಂಡೆಯ ಕಪ್ಪೆಗಳ ಹಾಗೆ, ಅವನು ಏಳುತ್ತಾನೆ ಬಾಗುತ್ತಾನೆ ಏಳುತ್ತಾನೆ ಬಾಗುತ್ತಾನೆ, ನಾನು ಕಿರಿಯುತ್ತೇನೆ.

ಸಮ! ಗುಮಾಸ್ತ ಕೂಗಿದ, ಇಬ್ಬರ ಮತವೂ ಸಮ ಸಮ, ಹೊರಗೆ ಪಂದ್ಯ ಕಟ್ಟಿದವರು ಕುಣಿಯುತ್ತಿದ್ದಾರೆ, ಷೆರಿಫ್ ಬಾಗಿಲಿಗೆ ಹೋಗಿ ಇನ್ನ್ಯಾರಾದ್ರೂ ಇದ್ದೀರಾ ಅಂದ, ಯಾರೂ ಇಲ್ಲ, ತಿರುಗಿ ಬಂದ, ಮೂಗು ಸೀಟಿದ, ನನ್ನ ಮುಂದೆ ನಿಂತ. ನಾನೊಬ್ಬ ಇದ್ದೇನೆ. ಎದುರಾಳಿಗೆ ಮತ ಕೊಡುವುದು ಮರ್ಯಾದಸ್ಥರ ರೀತಿ, ಇಷ್ಟು ಚುನಾವಣೆಗಳಲ್ಲಿ ಒಮ್ಮೆಯೂ ತಪ್ಪಿಸಿದವನಲ್ಲ, ಗೆಲ್ಲುವುದು ಗೊತ್ತಿದ್ದಾಗ ಅದೇನು ಕಷ್ಟ, ಆದರೆ ಈ ಕುಳ ಬೆಳಗ್ಗೆ ಜನ ತುಂಬಿದ್ದ ಹೊತ್ತು ನೋಡಿ ಎದ್ದು, ತಲೆ ವಾಲಿಸಿ, ನನ್ನ ಮತ ನಮ್ಮ ಪೂಜ್ಯ ಹಿರಿಯರಾದ ಕರ್ನಲ್ ಟಾರ್ಪ್ಲಿಯವರಿಗೆ — ಪೂಜ್ಯ! ಹೂವು ಹಾಕಿ ಮಣ್ಣು ಮಾಡುವ ದನಿ ಅದು, ಅದಕ್ಕೂ ನಾನು ಎದ್ದು ಉಪಕಾರ ಅಂದಿದ್ದೆ. ಈಗ ಅವನ ಹೆಸರು ಹೇಳಿದರೆ ಶಾಸನಸಭೆಯ ಕುರ್ಚಿ ಅವನದು, ರಿಚ್ಮಂಡಿನ ಹಾದಿ ಅವನದು, ನನಗೆ ತಂಬಾಕಿನ ಹೊಲ, ಸಂಜೆಯ ಹುಳುಗಳು, ಹೇಗಿದ್ದೀರಿ ಕರ್ನಲ್ ಅಂತ ಕೇಳಿ ಉತ್ತರಕ್ಕೆ ಕಾಯದ ಜನ. ಲೆಮ್ಯುಯೆಲ್ ಟಾರ್ಪ್ಲಿ, ಯಾರ್ಗೆ ಸ್ವಾಮಿ ನಿಮ್ ಮತಾ. ಕ್ರೂಟನ ಎರಡೂ ಕೈ ಕುರ್ಚಿಯ ತೋಳಿನ ಮೇಲಿವೆ, ಅಂಡು ಆಗಲೇ ಮೇಲಕ್ಕೆದ್ದಿದೆ, ವಂದನೆ ತುಟಿಯವರೆಗೆ ಬಂದು ನಿಂತಿದೆ, ನಾನು ಬಾಯಿ ತೆರೆಯುವ ಮೊದಲೇ, ಎಷ್ಟು ಖಾತ್ರಿ ಈ ಹುಡುಗನಿಗೆ, ಎಷ್ಟು ಸಲೀಸು, ನನ್ನ ಮರ್ಯಾದೆಯನ್ನು ತನ್ನ ಜೇಬಿನ ಗಡಿಯಾರದಂತೆ — ಲೆಮ್ಯುಯೆಲ್ ಟಾರ್ಪ್ಲಿಗೆ. ಯಾರ ದನಿ ಅದು, ನನ್ನದೇ, ಗಟ್ಟಿಯಾಗಿಯೇ ಬಂತು, ಗೆದ್ದೆ, ಗೆದ್ದೆನಲ್ಲ, ಯಾಕೆ ಯಾರೂ ಕೂಗುವುದಿಲ್ಲ, ಪೆಟಸ್ ಟೋಪಿಯೊಳಗೆ ಏನು ಹುಡುಕುತ್ತಿದ್ದಾನೆ, ಕ್ರೂಟ ಮೆಲ್ಲಗೆ ಕೂತ, ನನ್ನ ಕಾಲುಗಳು ಎದ್ದವು, ಹೆಸರು ಕೇಳಿದೊಡನೆ ಏಳುವ ದರಿದ್ರ ಕಾಲುಗಳು, ಬೆನ್ನು ಬಾಗಿತು, ಕೈ ಎದೆಗೆ ಹೋಯಿತು, ಮಿಸ್ಟರ್ — ಮಿಸ್ಟರ್ ಯಾರು, ಎದುರಿಗೆ ಯಾರೂ ನಿಂತಿಲ್ಲ, ಮತ ಹೇಳುವವರು ನಿಲ್ಲುವ ಹಲಗೆ, ಅದರ ಮೇಲೆ ಕೆಸರು ಬೂಟಿನ ಗುರುತು, ಬೂಟಿಲ್ಲ, ಮಿಸ್ಟರ್, ಈ ಉಪಕಾರ, ಬರೀ ಹಲಗೆ, ಈ ಉಪಕಾರ, ಹಲಗೆ