ಕಣ್ಣು ಬರೆದ ಹಡಗು

ಕುಲ್ಸುಂ ಒದ್ದೆ ಬಟ್ಟೆಯ ತುದಿಯನ್ನು ಬೆರಳಿಗೆ ಸುತ್ತಿಕೊಂಡು ಮರದ ಪುಟ್ಟ ಹಡಗಿನ ಕಣ್ಣು ಒರೆಸುತ್ತಿದ್ದಳು. ಕೊಲ್ಲಿ ನಾಡಿನ ಅಲ್ ಮನ್ಸೂರಾದ ಆ ಕೋಣೆಯಲ್ಲಿ ಕಿಟಕಿ ಮುಚ್ಚಿದರೂ ಮರಳು ನುಗ್ಗುತ್ತಿತ್ತು. ಮೂತಿಯ ಎರಡೂ ಬದಿಗೆ ಬರೆದ ಬಿಳಿ ಕಣ್ಣು, ಬಿದಿರುಕಡ್ಡಿ ಹೊಲಿದ ಚಾಪೆಯಂಥ ಹಾಯಿ, ಅಂಚಿನಲ್ಲಿ ಕಡಲೆಕಾಳಿನಂಥ ಫಿರಂಗಿ. ಎಲ್ಲವನ್ನೂ ಒರೆಸಿ, ತನ್ನ ಹಳೆಯ ಹಸಿರು ದುಪ್ಪಟ್ಟಾದಲ್ಲಿ ಹಡಗನ್ನು ಸುತ್ತಿ ರಟ್ಟಿನ ಪೆಟ್ಟಿಗೆಗೆ ಇಳಿಸಿದಳು. ಮದುವೆಯಾಗಿ ಬಂದ ಮನೆ ಅದು. ಅಂದು ಸಂಜೆ ಅದನ್ನು ಬಿಟ್ಟು ಅಲ್ ವಕ್ರಾದ ಹೊಸ ಮನೆಗೆ ಹೋಗುವುದಿತ್ತು.

ಹಡಗು ಅವಳ ಬಾಪನದು. ಸರಕು ಹಡಗಿನ ಖಲಾಸಿಯಾಗಿದ್ದ ಅಪ್ಪ ಹಂಝ ಅದನ್ನು ಹಾಂಕಾಂಗಿನಿಂದ ತಂದಿದ್ದ. ರಜೆಯಲ್ಲಿ ಉಳ್ಳಾಲಕ್ಕೆ ಬಂದಾಗಲೆಲ್ಲ ಅದನ್ನು ಜಗಲಿಗಿಳಿಸಿ, ಎದುರಿಗೆ ತನ್ನ ಚಪ್ಪಲಿಯನ್ನು ಇಂಗ್ಲಿಷರ ಹೊಗೆಹಡಗು ಮಾಡಿ ಯುದ್ಧ ಹೂಡುತ್ತಿದ್ದ. ಹಿಂದೆ ಚೀನಾದವರೂ ಇಂಗ್ಲಿಷರೂ ಕಡಲಲ್ಲಿ ಕಾದಾಡಿದ ಕತೆ, ತನ್ನ ಸರಕು ಹಡಗಿನ ಚೀನಾ ಅಡುಗೆಯವನಿಂದ ಕೇಳಿದ್ದು.

"ನೋಡು, ಹಾಯಿಗೆ ಗುಂಡು ಬಿದ್ದು ತೂತಾಯ್ತು. ಆದ್ರೂ ಹೋಗ್ತದೆ. ಕಡ್ಡಿ ಹಿಡ್ಕೊಂಡುಂಟಲ್ಲ!"

"ಹೊಟ್ಟೆಗೆ ಬಿದ್ರೆ?"

"ಹೊಟ್ಟೆಯೊಳಗೆ ಕೋಣೆ ಕೋಣೆ ಉಂಟು ಮಗಳೇ. ಒಂದಕ್ಕೆ ನೀರು ನುಗ್ಗಿದ್ರೆ ಇನ್ನೊಂದಕ್ಕೆ ಬರುವುದಿಲ್ಲ."

ಆಮೇಲೆ ಗಬ್ಬುನಾತದ ಮಡಕೆಗಳು. ಚೀನಾದವರು ಅವನ್ನು ಪಟಸ್ತಂಭದ ತುದಿಗೇರಿಸಿ ವೈರಿಗಳ ಮೇಲೆ ಎಸೆಯುತ್ತಿದ್ದರಂತೆ. ಬಾಪ ಮೂಗು ಹಿಡಿದು ಕುಣಿಯುವಾಗ ಕುಲ್ಸುಂ ಬಿದ್ದು ಬಿದ್ದು ನಗುತ್ತಿದ್ದಳು. ಕೊನೆಗೆ ಹೊಗೆಹಡಗೇ ಗೆಲ್ಲುತ್ತಿತ್ತು. ಅವಳು ಅತ್ತುಬಿಡುತ್ತಿದ್ದಳು. "ಆಯ್ತು, ಆಯ್ತು, ಇನ್ನೊಮ್ಮೆ ಹೇಳ್ತೇನೆ," ಎಂದು ಬಾಪ ಚಪ್ಪಲಿಯನ್ನು ಅಂಗಳಕ್ಕೆ ಎಸೆಯುತ್ತಿದ್ದ.

ನಾಲ್ಕನೇ ಕ್ಲಾಸಿಗೇ ಅವಳ ಶಾಲೆ ಮುಗಿದಿತ್ತು, ಇಂಗ್ಲಿಷ್ ಕಲಿಸುತ್ತಿದ್ದದ್ದು ಐದರಿಂದ. ಆ ವರ್ಷ ಬಾಪ ಇದ್ದಿಲಿನಲ್ಲಿ ಜಗಲಿಯ ಮೇಲೆ ಜೆ, ಯು, ಎನ್, ಕೆ ಎಂದು ತಿದ್ದಿಸಿದ್ದ. "ಜಂಕ್. ಚೀನಾದ ಇಂಥ ಹಡಗಿಗೆ ಇಂಗ್ಲಿಷಿನಲ್ಲಿ ಹೇಳುವ ಹೆಸರು. ನಿನ್ನ ಮೊದಲನೇ ಇಂಗ್ಲಿಷು." ಎರಡನೆಯದು ಕಲಿಸುವ ಮೊದಲೇ ಅವನು ಕಡಲಿನಲ್ಲಿ ತೀರಿಕೊಂಡ.

ಕುಲ್ಸುಂ ಕೆಂಪು ಮಾರ್ಕರ್ ತೆಗೆದು ಪೆಟ್ಟಿಗೆಯ ಮೇಲೆ ಆ ಅಕ್ಷರಗಳನ್ನು ದೊಡ್ಡದಾಗಿ ಬರೆದಳು. ಎತ್ತುವವರು ಜಾಗ್ರತೆ ಮಾಡಲಿ ಎಂದು.

ಸಾಮಾನು ಕಟ್ಟಲು ಬಂದ ನಾದಿನಿ ಸೌದಾ, ಒಂದು ಆಫೀಸಿನಲ್ಲಿ ಇಂಗ್ಲಿಷ್ ಟೈಪಿಂಗ್ ಮಾಡುವವಳು.

"ಇದು ಜಂಕಾ ಅತ್ತಿಗೆ?"

"ಹೌದು," ಎಂದಳು ಕುಲ್ಸುಂ. ತನ್ನ ಅಕ್ಷರವನ್ನು ಒಬ್ಬರು ಓದಿದ ಖುಷಿಗೆ ಮುಖ ಬೆಚ್ಚಗಾಯಿತು.

"ಬರೆದಿಟ್ಟದ್ದು ಒಳ್ಳೇದಾಯ್ತು ಮಾರಾಯ್ತಿ. ಇಲ್ಲದಿದ್ರೆ ಎಲ್ಲ ಮಿಕ್ಸ್ ಆಗ್ತಿತ್ತು. ನಾನೇ ಕೆಳಗೆ ಇಡ್ತೇನೆ."

ವಕ್ರಾದ ಹೊಸ ಮನೆಯ ಕಿಟಕಿಯಿಂದ ಕಡಲು ಕಾಣುತ್ತಿತ್ತು. ಕುಲ್ಸುಂ ಕಿಟಕಿಯ ಕಟ್ಟೆ ಒರೆಸಿ ಸಿದ್ಧ ಮಾಡಿದಳು. ಹಡಗಿನ ಕಣ್ಣು ನೀರಿನ ಕಡೆಗಿರಬೇಕು. ಪೆಟ್ಟಿಗೆಗಳನ್ನು ಸರಿಸಿ ಸರಿಸಿ ನೋಡಿದಳು.

"ಸೌದಾ, ನನ್ನ ಕೆಂಪು ಅಕ್ಷರದ್ದು?"

"ಜಂಕಿನದ್ದಾ? ಅದು ಕಸದ ತೊಟ್ಟಿಗೆ ಹೋಯ್ತಲ್ಲ!"

ಕುಲ್ಸುಂ ಅವಳ ಬಾಯಿಯನ್ನೇ ನೋಡಿದಳು.

"ಅತ್ತಿಗೆ, ಜಂಕ್ ಅಂದ್ರೆ ಬೇಡದ ಸಾಮಾನು. ಗುಜರಿ. ನೀವೇ ಬರೆದದ್ದಲ್ವಾ?"

"ಹಡಗು," ಎಂದಳು ಕುಲ್ಸುಂ. "ಬಾಪ ಹೇಳಿದ್ದು, ಹಡಗು ಅಂತ."

ಸೌದಾ ಕೈಯಲ್ಲಿದ್ದ ಪಾತ್ರೆ ಕೆಳಗಿಟ್ಟಳು. ಕುಲ್ಸುಂಳ ಗಂಡ ಕಬೀರ್ ಪಿಕಪ್ಪಿನ ಕೀ ಎತ್ತಿಕೊಂಡ. "ಯಲ್ಲಾ, ಬನ್ನಿ."

ಮನ್ಸೂರಾದ ಬೀದಿಯಲ್ಲಿ ಹೋಟೆಲಿನ ಸಾಂಬಾರಿನ ವಾಸನೆ ಎಂದಿನಂತೆಯೇ ಇತ್ತು. ತೊಟ್ಟಿ ಖಾಲಿಯಾಗಿತ್ತು. ಅದರ ಅಂಚಿಗೆ ಹಸಿರು ದುಪ್ಪಟ್ಟಾ ನೇತಾಡುತ್ತಿತ್ತು.

"ಬಿಚ್ಚಿ ನೋಡಿ ಯಾರೋ ಕೊಂಡುಹೋಗಿದ್ದಾರೆ," ಎಂದ ಕಬೀರ್. ಹೋಟೆಲಿನವನನ್ನು ಕೇಳಿದ, ಎದುರಿನ ಗ್ರೋಸರಿಯಲ್ಲಿ ಕೇಳಿದ. ಯಾರೂ ನೋಡಿರಲಿಲ್ಲ. "ಖಲಾಸ್," ಎಂದು ತನ್ನಷ್ಟಕ್ಕೇ ಹೇಳಿಕೊಂಡು ಗಾಡಿ ಹತ್ತಿದ.

ದಾರಿಯುದ್ದಕ್ಕೂ ಸೌದಾ ಕಿಟಕಿಯ ಹೊರಗೇ ನೋಡುತ್ತಿದ್ದಳು. ಕುಲ್ಸುಂ ಮಡಿಲಲ್ಲಿ ದುಪ್ಪಟ್ಟಾವನ್ನು ಮಡಚಿದಳು, ಬಿಡಿಸಿದಳು. ವಕ್ರಾದ ದೀಪಗಳು ಕಂಡಾಗ ಕೇಳಿದಳು:

"ನಾಳೆ ಇನ್ನೊಮ್ಮೆ ಹೋಗಿ ನೋಡುವಾ?"